ಕಾಕಾನ ಸುಟ್ಟ ಸ್ಪೀಕರ್

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆಂದು ನಿಮಗೆ ಮಾತು ಕೊಡಲಾರೆ. ಆ ದಿನ ನಾನು ಆಳಂದದ ಕಾಕಾನ ಮನೆಯಲ್ಲಿ ಇದ್ದೆನೋ, ಅಥವಾ ಕಾಕಿ ಹೇಳಿದ್ದನ್ನು ಕೇಳಿ ಕೇಳಿ ಇದ್ದವನಂತೆ ಆಗಿಬಿಟ್ಟಿದ್ದೇನೋ, ನನಗೇ ಖಾತ್ರಿಯಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಜೇವರ್ಗಿಯ ಕಾಲೇಜಿನಲ್ಲಿ ಹುಡುಗರಿಗೆ ಪ್ರತಿ ಮಾಪನವನ್ನೂ ಎರಡು ಸಲ ತೆಗೆದುಕೊಳ್ಳಿರೆಂದು ಗದರಿಸುವವನ ಸ್ಥಿತಿ ಇದು. ಆದರೆ ಹೋದ ತಿಂಗಳು ನನ್ನ ಬಾಡಿಗೆ ಮನೆಯಲ್ಲಿ ಕಾಕಾನ ಹಳೆಯ ಗಿಟಾರ್ ಆಂಪ್ಲಿಫೈಯರಿಗೆ ಕರೆಂಟು ಕೊಟ್ಟಾಗ, ಅದರ ಗಾಜಿನ ವಾಲ್ವುಗಳ ಮೇಲಿನ ಧೂಳು ಬಿಸಿಯಾಗಿ ಕಂಬಳಿಗೆ ಇಸ್ತ್ರಿ ಮಾಡಿದಂಥ ವಾಸನೆ ಬಂತಲ್ಲ, ಅದು ಮಾತ್ರ ನನ್ನದೇ ನೆನಪು. ವಾಸನೆ ಮೂಗಿಗೆ ಹತ್ತುವಷ್ಟರಲ್ಲಿ ಫ್ಯೂಸು ಹೋಯಿತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ; ಕಾಕಿ ಅವನ ಹೆಂಡತಿ. ಆಳಂದದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆಯ ದಿನಗಳಲ್ಲಿ ಆರ್ಕೆಸ್ಟ್ರಾದ ಗಿಟಾರಿನವ. ಅಫಜಲಪುರ, ಜೇವರ್ಗಿ, ಗಾಣಗಾಪುರ, ಎಲ್ಲಿ ಕರೆದರೂ ಹೋಗುತ್ತಿದ್ದ. ಆಂಪ್ಲಿಫೈಯರನ್ನು ಸೊಲ್ಲಾಪುರದಿಂದ ಲಾರಿಯಲ್ಲಿ, ಖಜೂರಿ ಊರಿನ ಮೇಲೆ ಹಾಯ್ದು, ತೊಡೆಯ ಮೇಲಿಟ್ಟುಕೊಂಡು ತಂದನಂತೆ. ತೊಡೆಯ ಮೇಲೆ ಎಂಬುದು ಸುಳ್ಳಿರಬೇಕು. ಅದನ್ನು ಎತ್ತಲು ಇಬ್ಬರು ಬೇಕು. ಆದರೂ ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತೇವೆ, ನಾನೂ ಸೇರಿ.

ಅವನಿಗೊಂದು ವಿಚಿತ್ರ ಅಭ್ಯಾಸವಿತ್ತು. ಶ್ರುತಿ ಮಾಡಿಕೊಳ್ಳುವಾಗ ತಲೆ ಬಗ್ಗಿಸಿ ಗಿಟಾರಿನ ಕಟ್ಟಿಗೆಗೆ ಹಲ್ಲು ಊರಿ ತಂತಿ ಮೀಟುತ್ತಿದ್ದ. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಕಾಕಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು: “ಹಸಿವಿ ಆಗ್ಯಾದ ಕಾಣ್ತದ ನಿಮ್ ಕಾಕಾಗ. ರೊಟ್ಟಿ ಆಗ್ಯಾವ್ರಿ, ಅದನ್ಯಾಕ ಕಡೀತೀರಿ.” ಕಾಕಾ ಆ ಮಾತಿಗೆ ನಕ್ಕಿದ್ದು ನನಗೆ ನೆನಪಿಲ್ಲ. ಗಂಭೀರ ಮನುಷ್ಯ ಎಂದುಕೊಂಡಿದ್ದೆವು.

ಇನ್ನು ಆ ದಿನ. ಜಿಡಗಾದಲ್ಲಿದ್ದ ಕಾಕಿಯ ಅಣ್ಣ ತಂಗಿಗೆ ಒಂದು ಮಿಕ್ಸರ್ ಕೊಡಿಸಿದ್ದ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಲು ಕಾಕಿ ಅದನ್ನು ಮೊದಲ ಸಲ ಹಚ್ಚಿದಳು, ಪಡಸಾಲೆಯಲ್ಲಿ ಕಾಕಾನ ಆಂಪ್ಲಿಫೈಯರ್ ನಡೆಯುತ್ತಿದ್ದ ಬೋರ್ಡಿಗೇ. ಗಿಟಾರು ನಿಂತುಹೋಯಿತು. ಕಾಕಾ ಬಾಗಿಲಿಗೆ ಬಂದ.

“ಏನ್ ಹಚ್ಚೀದಿ?”

“ಮಿಕ್ಸರ್ ರೀ.”

“ಹಚ್ಚು. ಚಂದಾಗಿ ಹಚ್ಚು.”

ಆಂಪ್ಲಿಫೈಯರಿನ ಫ್ಯೂಸು ಹೋಗಿತ್ತು. ಅವನೇ ಹೊಸದು ಹಾಕಿದ. ಒಂದೆರಡು ದಿನ ಹಿಂಬದಿಯ ಹಲಗೆ ಬಿಚ್ಚಿಟ್ಟುಕೊಂಡು ಕೂತಿದ್ದ. ಆಮೇಲೆ ವಾಲ್ವುಗಳು ಉರಿದವು, ಸದ್ದು ಮಾತ್ರ ಬರಲಿಲ್ಲ. “ಸ್ಪೀಕರ್ ಸುಟ್ಟದ. ಸೊಲ್ಲಾಪುರಕ್ಕ ಒಯ್ಯಬೇಕು,” ಅಂದ. ಒಯ್ಯಲೇ ಇಲ್ಲ. ಆರ್ಕೆಸ್ಟ್ರಾದವರು ಬಂದು ಬೇರೆ ಸ್ಪೀಕರ್ ಕೊಡುತ್ತೇವೆಂದರೂ ಹೋಗಲಿಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು. ಕಾಕಿ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ; ಎದುರು ಹೋಗಿ ನಿಂತರೆ ಒಂದೆರಡು ಮಾತು. ಸಿಟ್ಟು ಇಳಿದಿಲ್ಲವೆಂದು ಕಾಕಿ ತಿಳಿದಳು. ಮಿಕ್ಸರನ್ನು ಅಟ್ಟಕ್ಕೆ ಹಾಕಿ, ಅಂದಿನಿಂದ ಹಿಂಡಿಯನ್ನು ಒರಳಲ್ಲೇ ಕುಟ್ಟಿದಳು. ಸಿಟ್ಟು ಇಳಿಯಲೇ ಇಲ್ಲವೆಂಬ ಅವಳ ನಂಬಿಕೆಯೊಳಗೇ ಇಬ್ಬರೂ ಮುದುಕರಾದರು. ಕೊನೆಕೊನೆಗೆ ಕಾಕಾನಿಗೆ ಕಿವಿ ಕೇಳದಾಯಿತು. ವಯಸ್ಸು, ಅಂದೆವು. ಹೋದ ವರ್ಷ ತೀರಿಕೊಂಡ.

ಹೋದ ತಿಂಗಳು ಆಳಂದಕ್ಕೆ ಹೋದಾಗ ಕಾಕಿ ಆಂಪ್ಲಿಫೈಯರಿನ ಮೇಲಿನ ಚಾದರ ತೆಗೆದಳು.

“ತಮ್ಮಾ, ನೀ ಕರೆಂಟಿಂದು ಓದೀದಿ. ಇದನ್ನ ಒಯ್ದು ನೋಡು.”

“ಕಾಕಿ, ನಾ ಓದಿದ ಕರೆಂಟ್ ಬ್ಯಾರೆ.”

“ಕರೆಂಟಿನ್ಯಾಗೂ ಒಳಪಂಗಡ ಅವ ಏನ್? ರಿಪೇರಿ ಆಗದಿದ್ರೂ ನಡೀತದ. ನಾ ಸುಟ್ಟಿದ್ದು ಖರೇನೋ ಏನೋ, ಅಷ್ಟ ಹೇಳು ನನಗ.”

ಜೇವರ್ಗಿಗೆ ತಂದು, ಮೊದಲ ಫ್ಯೂಸು ಹೋದ ಮೇಲೆ ಹೊಸದು ಹಾಕಿದೆ, ಅದೂ ಹೋಯಿತು. ಇನ್ನೊಂದನ್ನು ಹಾಕಿದೆ, ಎರಡು ಸಲ ಮಾಪನ ಮಾಡಬೇಕಲ್ಲ. ಆಮೇಲೆ ಬುದ್ಧಿ ಬಂದು, ರೇಡಿಯೋ ರಿಪೇರಿಯವರೆಲ್ಲ ಮಾಡುವಂತೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿದೆ. ಬಲ್ಬು ಮಂಕಾಗಿದ್ದರೆ ಕ್ಷೇಮ. ಪ್ರಕಾಶಮಾನವಾಗಿ ಉರಿದರೆ ಒಳಗೆಲ್ಲೋ ಶಾರ್ಟು. ಬೆಳಕು ಕಂಡು ಮನಸ್ಸು ಕುಗ್ಗುವ ಕೆಲಸ ಇದೊಂದೇ ಇರಬೇಕು. ಬಲ್ಬು ಝಗ್ಗನೆ ಉರಿಯಿತು. ಕರೆಂಟನ್ನು ಏಕಮುಖ ಮಾಡುವ ವಾಲ್ವನ್ನು ಕಿತ್ತೆ, ಮಂಕಾಯಿತು. ಅಂದರೆ ದೋಷ ಅದರ ಮುಂದೆ. ವರ್ಷಗಟ್ಟಲೆ ಸುಮ್ಮನಿದ್ದು ಕೆಟ್ಟು ಶಾರ್ಟಾದ ಕಂಡೆನ್ಸರ್. ಹೊಸದು ತಂದು ಬೆಸುಗೆ ಹಾಕಿ, ವಾಲ್ವು ಮತ್ತೆ ಕೂಡಿಸಿದೆ. ಬಲ್ಬು ಮಂಕಾಯಿತು. ಕೊನೆಗೆ ಬಲ್ಬನ್ನೂ ತೆಗೆದೆ, ಫ್ಯೂಸು ನಿಂತಿತು. ವಾಲ್ವುಗಳು ಕೆಂಪಗೆ ಉರಿದವು. ಸದ್ದಿಲ್ಲ.

ಆಗ ಸ್ಪೀಕರಿನ ಕಡೆ ನೋಡಿದೆ. ಅದಕ್ಕೆ ಹೋಗುವ ತಂತಿಗಳನ್ನು ಯಾರೋ ಬಿಚ್ಚಿದ್ದರು. ಇಲಿ ಕಡಿದದ್ದಲ್ಲ. ಬೆಸುಗೆ ಕರಗಿಸಿ ತೆಗೆದು, ತುದಿಗಳಿಗೆ ಟೇಪು ಸುತ್ತಿ, ಸ್ಪೀಕರಿನ ಬದಲು ಅಷ್ಟೇ ತಡೆಯ ಒಂದು ದಪ್ಪ ರೆಸಿಸ್ಟರ್ ಕೂಡಿಸಿದ್ದರು. ವಾಲ್ವಿನ ಆಂಪ್ಲಿಫೈಯರನ್ನು ಸ್ಪೀಕರಿಲ್ಲದೆ ನಡೆಸಿದರೆ ಹಾಳಾಗುತ್ತದೆ. ಅದು ಹಾಳಾಗದಂತೆ, ಆದರೆ ಉಲಿಯದಂತೆ ಮಾಡಿದ ಏರ್ಪಾಡು. ಆ ಮನೆಯಲ್ಲಿ ಬೆಸುಗೆಯ ಕೆಲಸ ಬಲ್ಲವನು ಒಬ್ಬನೇ.

ಹಲ್ಲೂರಿದ ಕಟ್ಟಿಗೆ ನೆನಪಾಯಿತು. ಕಿವಿ ಸೋತವರಿಗೆ ನಾದವು ಎಲುಬಿನ ಮೂಲಕವಾದರೂ ತಲುಪುತ್ತದೆಂದು ನಾನೇ ಪಾಠ ಮಾಡುತ್ತೇನೆ. ನಾವು ನಕ್ಕಿದ್ದು ಮಿಕ್ಸರ್ ಬರುವುದಕ್ಕೆ ಮೊದಲಲ್ಲವೆ? ಮೊದಲೇ ಎಂದು ಮನಸ್ಸು ಹೇಳುತ್ತದೆ. ಆದರೆ ಕಾಕಿಗೆ ಅನುಕೂಲವಾಗಲೆಂದು ಅದು ಹಿಂದುಮುಂದಾಗಿ ಹೇಳುತ್ತಿದ್ದರೆ?

ಭಾನುವಾರ ಆಳಂದಕ್ಕೆ ಹೋಗಿ, ಅನುಮಾನಗಳನ್ನೂ ಸೇರಿಸಿ, ಕಾಕಿಗೆ ಎಲ್ಲ ಹೇಳಿದೆ.

“ಅಂದ್ರ ಆಗಿಂದನ ಅವರಿಗಿ ಕೇಳ್ತಿರ್ಲಿಲ್ಲ ಅಂತಿ.”

“ಹಂಗ ಅನಸ್ತದ ಕಾಕಿ.”

“ನನ್ ಮ್ಯಾಲ ಸಿಟ್ಟಿರ್ಲಿಲ್ಲ.”

“ಇರ್ಲಿಕ್ಕಿಲ್ಲ.”

“ನನಗೊಂದು ಮಾತ್ ಹೇಳಬಾರ್ದಿತ್ತೇನು, ತಮ್ಮಾ? ಗಿಟಾರ್ ಹೋದ್ರ ಹೋಗ್ಲಿ. ಕೈಸನ್ನೆ ಮಾಡ್ಕೋತ ಬಾಳೇ ಮಾಡ್ತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ನಿರೀಕ್ಷಿಸಿದ್ದ ಸಮಾಧಾನ ಅಲ್ಲಿರಲಿಲ್ಲ. ಆಮೇಲೆ ಕೇಳಿದಳು: “ಖರೇನ ಸುಟ್ಟಿತ್ತಂದ್ರ? ಸುಟ್ಟದ್ದಕ್ಕ ಅವ್ರು ಬಿಚ್ಚಿಟ್ಟಿದ್ರಂದ್ರ? ಆ ಸ್ಪೀಕರ್ ಹಚ್ಚಿ ನೋಡ್ದೇನು ನೀ?”

ಪರೀಕ್ಷಿಸಿ ನೋಡಿರಲಿಲ್ಲ. ತಂತಿ, ರೆಸಿಸ್ಟರ್ ಎಂದು ಇಷ್ಟೆಲ್ಲ ಕಥೆ ಕಟ್ಟಿದ ನಾನು ಅದೊಂದನ್ನು ಬಿಟ್ಟಿದ್ದೆ.

ಜೇವರ್ಗಿಗೆ ಬಂದವನು ಚಪ್ಪಲಿ ಕಳಚಿ ನೇರ ಅದರ ಮುಂದೆ ಕೂತೆ. ಗೋಡೆ ಗಡಿಯಾರದಿಂದ ಒಂದು ಸೆಲ್ ತೆಗೆದು, ಎರಡು ತುಂಡು ತಂತಿಯಿಂದ ಸ್ಪೀಕರಿನ ತುದಿಗಳಿಗೆ ತಾಗಿಸಿದೆ. ಟಪ್ ಎಂದಿತು, ಕಾಗದದ ಶಂಕು ಮುಂದಕ್ಕೆ ಜಿಗಿಯಿತು. ತೆಗೆದು ಮತ್ತೆ ತಾಗಿಸಿದೆ. ಮತ್ತೆ ಟಪ್.

ಕಾಕಾನಿಗೆ ಅಂದು ಏನು ಕೇಳುತ್ತಿತ್ತು, ಏನು ಕೇಳುತ್ತಿರಲಿಲ್ಲ, ನಾನು ಹೇಳಲಾರೆ. ಸ್ಪೀಕರ್ ಸುಟ್ಟಿರಲಿಲ್ಲ.