ಮಾತಾಡಬಾರದ ಸಲಹೆಗಾರ

ಬೆಳಿಗ್ಗೆ ಹತ್ತು ನಲವತ್ತಕ್ಕೆ ನಾನು ಮಂಡ್ಯದ ನಮ್ಮ ಕಾಲೇಜಿನಲ್ಲಿ, ಮಹಡಿ ಮೆಟ್ಟಿಲುಗಳಲ್ಲಿ ಕೆಳಗಿನಿಂದ ನಾಲ್ಕನೆಯದರ ಮೇಲೆ ನಿಂತಿದ್ದೆ. ನಾನು ಅಲ್ಲಿನ ಗ್ರಂಥಪಾಲಕ. ಜೇಬಿನಲ್ಲಿ ಬೀಗದ ಕೈ ಹುಡುಕುತ್ತಿದ್ದೆ. ನೋಟಿಸ್ ಬೋರ್ಡು ನನ್ನಿಂದ ಹತ್ತು ಹೆಜ್ಜೆ ದೂರ. ನಡುವೆ ಕಂಬವಿಲ್ಲ. ಪರೀಕ್ಷೆಯ ವೇಳಾಪಟ್ಟಿ ಹಾಕಿದ್ದರಿಂದ ಅದರ ಮುಂದೆ ನೂಕುನುಗ್ಗಲು. ಆ ಗುಂಪನ್ನು ದಾಟಿಕೊಂಡು ಅಧ್ಯಾಪಕರೊಬ್ಬರು ಹೋದರು. ಅವರ ಎಡ ಮೊಣಕೈಯಲ್ಲಿ ಹೆಲ್ಮೆಟ್ ನೇತಾಡುತ್ತಿತ್ತು. ಯಾರೋ ಕರೆದರೆಂದು ತಿರುಗಿದರು, ಹೆಲ್ಮೆಟ್ ಬೋರ್ಡಿನ ಗಾಜಿಗೆ ಬಡಿಯಿತು, ಗಾಜು ಒಡೆಯಿತು. ಆ ಗದ್ದಲದಲ್ಲಿ ಅವರಿಗದು ತಿಳಿಯಲಿಲ್ಲವೆಂದೇ ಇವತ್ತಿಗೂ ನನ್ನ ನಂಬಿಕೆ.

ಎಲ್ಲರೂ ಚದುರಿದರು. ದುದ್ದದಿಂದ ಬಸ್ಸಿನಲ್ಲಿ ಬರುತ್ತಿದ್ದ ಕೊನೆಯ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಮಾತ್ರ ಓಡಲಿಲ್ಲ. ಅವಳು ಇನ್ನೂ ಎರಡು ವಿಷಯಗಳ ದಿನಾಂಕ ಬರೆದುಕೊಳ್ಳುವುದಿತ್ತು. ನಿಂತವಳೇ ಒಡೆದವಳು ಎಂದಾಯಿತು.

ಶಿಸ್ತು ಸಮಿತಿಯ ವಿಚಾರಣೆ ಮುಗಿಯುವ ತನಕ ಅವಳಿಗೆ ಹಾಲ್ ಟಿಕೆಟ್ ಇಲ್ಲವೆಂದರು. ಪರೀಕ್ಷೆಗೆ ಐದು ದಿನವಿತ್ತು. ನೋಡಿದ್ದನ್ನು ಹೇಳಲು ನಾನು ಕಚೇರಿಗೆ ಹೋದೆ. ಗುಮಾಸ್ತರು ಒಂದು ಫಾರಂ ಕೊಟ್ಟರು. 'ವಿದ್ಯಾರ್ಥಿಯ ಪರವಾಗಿ ಬರುವವರು' ಎಂಬ ಕಡೆ ಸಹಿ ಹಾಕಿದೆ. ಮೊಹರು ಒತ್ತಿದ ಮೇಲೆ ಅವರು ನಿಯಮ ಓದಿದರು: ಪರವಾಗಿ ಬಂದವರು ಸಲಹೆಗಾರರು, ಸಲಹೆಗಾರರು ಸಭೆಯಲ್ಲಿ ಮಾತಾಡಕೂಡದು, ಸಾಕ್ಷಿ ಹೇಳಕೂಡದು, ಬೇಕಾದರೆ ವಿದ್ಯಾರ್ಥಿಯ ಕಿವಿಯಲ್ಲಿ ಹೇಳಬಹುದು. ಸಹಿ ಹಿಂದಕ್ಕೆ ಪಡೆಯಲು ಸಮಿತಿ ಸಭೆ ಸೇರಿ ಒಪ್ಪಬೇಕಂತೆ. ಅದು ಸೇರುವುದು ವಿಚಾರಣೆಯ ದಿನವೇ. ಅಂದು ಕೇಳಿಕೊಳ್ಳೋಣವೆಂದರೆ, ಸಲಹೆಗಾರ ಮಾತಾಡುವಂತಿಲ್ಲ.

ಸಮಿತಿಯಲ್ಲಿ ಇಬ್ಬರು. ಒಬ್ಬರು ಅಧ್ಯಕ್ಷರು, ವಯಸ್ಸಾದವರು. ಇನ್ನೊಬ್ಬರು ಆ ಅಧ್ಯಾಪಕರೇ. ಹೆಲ್ಮೆಟ್ ಮೇಜಿನ ಮೇಲಿತ್ತು. ಫೈಲಿಗೆ ಜಾಗ ಸಾಲದೆ ಅವರೇ ಅದನ್ನು ಪಕ್ಕಕ್ಕೆ ಸರಿಸಿದರು.

ನಾನು ಹುಡುಗಿಯ ಕಿವಿಯಲ್ಲಿ ಹೇಳಿದೆ. ಹೆಲ್ಮೆಟ್ ತಗಲಿ ಒಡೆಯಿತು, ನೋಡಿದವರಿದ್ದಾರೆ ಎಂದು ಅವಳು ಸಭೆಗೆ ಹೇಳಿದಳು.

"ಯಾರಮ್ಮ ನೋಡಿದೋರು?" ಅಧ್ಯಕ್ಷರು ಕೇಳಿದರು.

"ಇವ್ರೇ ಸರ್, ನಮ್ಮ ಸಲಹೆಗಾರ್ರು."

"ಅವರು ಸಲಹೆ ಕೊಡೋಕೆ ಬಂದಿರೋದು. ಈ ಸಭೆ ಮಟ್ಟಿಗೆ ಅವರು ಏನೂ ನೋಡಿಲ್ಲ."

ಯಾರ ಹೆಲ್ಮೆಟ್ ಎಂದು ಅಧ್ಯಾಪಕರು ನಿಜವಾದ ಕುತೂಹಲದಿಂದಲೇ ಕೇಳಿದರು. ಅವಳ ಇಂಟರ್ನಲ್ ಮಾರ್ಕ್ಸು ಅವರ ಕೈಯಲ್ಲಿತ್ತು. ಅವಳು ಮೇಜನ್ನು ನೋಡಿ, ಗೊತ್ತಿಲ್ಲ ಎಂದಳು. ನಾನು ಗಂಟಲು ಸರಿಮಾಡಿಕೊಂಡೆ. ಅಧ್ಯಕ್ಷರು ಬೆರಳೆತ್ತಿದರು.

ಪೋಷಕರ ಜಾಗದಲ್ಲಿ ಅವಳ ಸೋದರಮಾವ ಬಂದಿದ್ದ. ಊರಿನಲ್ಲಿ ಎಷ್ಟೋ ನ್ಯಾಯ ತೀರಿಸಿದ ಯಜಮಾನ. ನಮ್ಮ ಕಡೆ ಪಂಚಾಯ್ತಿಯಲ್ಲಿ ತಪ್ಪಿರಲಿ ಬಿಡಲಿ, ಮೊದಲು ಸಭೆಗೆ ಅಡ್ಡಬೀಳಬೇಕು. ಆಮೇಲೇ ಮಾತು. ಆತ ಟವೆಲ್ ಸೊಂಟಕ್ಕೆ ಸುತ್ತಿ ನೆಲಕ್ಕೆ ಹಣೆ ಹಚ್ಚಿದ. "ತಪ್ಪಾಯ್ತು ಸ್ವಾಮಿ, ಒಟ್ಟೆಗಾಕ್ಕಳಿ" ಎಂದ. ಮುಂದಿನ ಮಾತು ಹೇಳಲು ಏಳುವಷ್ಟರಲ್ಲಿ ಟೈಪು ಮಾಡುವ ಹೆಂಗಸು 'ತಪ್ಪೊಪ್ಪಿಗೆ' ಎಂದು ಹೊಡೆದಾಗಿತ್ತು. ಅಧ್ಯಕ್ಷರು ವಿಚಾರಣೆ ಮುಗಿಯಿತೆಂದರು.

ಆದೇಶ ಹೀಗಿತ್ತು: ತಪ್ಪೊಪ್ಪಿಕೊಂಡವರು ಸೋದರಮಾವನಾದ್ದರಿಂದ ಆತನಿಗೆ ಹದಿನೈದು ದಿನ ತರಗತಿಗೆ ಪ್ರವೇಶವಿಲ್ಲ, ಈ ಒಪ್ಪಿಗೆಯ ಕೆಳಗೆ ವಿದ್ಯಾರ್ಥಿನಿ ಸಹಿ ಹಾಕಿದರೆ ಹಾಲ್ ಟಿಕೆಟ್ ಕೊಡುವುದು.

ಸೋದರಮಾವ ಗಾಬರಿಯಿಂದ ನನ್ನನ್ನು ಕೇಳಿದ: "ಅದ್ನಾರ್ನೆ ದಿನ ನಾನು ಬರ್ಬೇಕಾ ಸ್ವಾಮಿ? ಕಬ್ಬು ಕಡ್ಸದೈತೆ."

ಸಭೆ ಎದ್ದಿತ್ತು, ಅಧ್ಯಾಪಕರು ಹೆಲ್ಮೆಟ್ ತೆಗೆದುಕೊಂಡು ಹೊರಟುಹೋಗಿದ್ದರು, ಇನ್ನು ಮಾತಾಡಬಹುದಿತ್ತು. ಬರಬೇಕಿಲ್ಲವೆಂದೆ. ಆತ ಅಡ್ಡಬಿದ್ದದ್ದನ್ನು ತಪ್ಪೊಪ್ಪಿಗೆ ಎಂದು ಬರೆದಿದ್ದಾರೆ ಎಂದೂ ಹೇಳಿದೆ.

"ಅಡ್ಬೀಳ್ದೆ ಬಾಯ್ ಬುಟ್ರೆ ಯಾವ್ ಸಬೆ ಕೇಳ್ತದೆ? ಅಡ್ಬಿದ್ದೋರೆಲ್ಲ ಕಳ್ರಾ?"

ಹುಡುಗಿ ಹಾಳೆಯನ್ನು ಎರಡು ಸಲ ಓದಿದಳು. "ನಾನ್ ಒಡ್ದಿಲ್ಲ ಅಂತ ಎಲ್ ಬರ್ದವ್ರೆ ಸರ್?" ಎಂದು ನನ್ನನ್ನು ಕೇಳಿದಳು.

ಎಲ್ಲೂ ಇಲ್ಲ ಎಂದೆ.

"ಸೈನ್ ಆಕ್ಬುಡವ್ವ," ಸೋದರಮಾವ ಹೇಳಿದ. "ಒಂದ್ ವರ್ಸ ಓಯ್ತದೆ ಕಣವ್ವ."

ಅವಳು ಪೆನ್ನು ತೆಗೆದಳು. ಒಪ್ಪಿಗೆಯ ಕೆಳಗೆ, ಸಹಿಯ ಜಾಗದಲ್ಲಿ, 'ನಾನು ಗಾಜು ಒಡೆದಿಲ್ಲ' ಎಂದು ದುಂಡಗೆ ಬರೆದು, ಅದರ ಕೆಳಗೆ ಸಹಿ ಹಾಕಿದಳು. ಗುಮಾಸ್ತರು ಸಹಿ ಇದೆಯೇ ಎಂದಷ್ಟೇ ನೋಡಿದರು. ಎರಡರ ಮೇಲೂ ಒಂದೇ ಮೊಹರು ಬಿತ್ತು. ಅವಳು ಹಾಲ್ ಟಿಕೆಟ್ ತೆಗೆದುಕೊಂಡು, ನನ್ನ ಕಡೆ ತಿರುಗದೆ ಹೋದಳು.

ಅಧ್ಯಕ್ಷರು ಈಗ ಇಲ್ಲ. ಗುಮಾಸ್ತರೂ ಹೋದ ವರ್ಷ ತೀರಿಕೊಂಡರು. ಅವಳು ಆ ಸಾಲು ಬರೆದದ್ದನ್ನು ಕಂಡು ಇನ್ನೂ ಬದುಕಿರುವವರು, ನನ್ನನ್ನು ಬಿಟ್ಟರೆ, ಇಬ್ಬರು: ಓದು ಬಾರದ ಆ ಸೋದರಮಾವ ದುದ್ದದಲ್ಲಿದ್ದಾನೆ; ಟೈಪು ಮಾಡಿದ ಹೆಂಗಸು ವರ್ಗವಾಗಿ ಮಳವಳ್ಳಿಯಲ್ಲಿದ್ದಾರೆ.