ಮೂರು ತುಂಡಾದ ರೊಟ್ಟಿ

ಉಣಕಲ್ಲಿನ ಯಂಕವ್ವ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಿಯೇ ಆಯುಷ್ಯ ಕಳೆದವಳು. ಮಗು ಆನೆಗೆ ಐದು ಕಾಲು ಬರೆದರೂ ಮೊದಲು ಸೊಂಡಿಲನ್ನು ಹೊಗಳಿ, ಆಮೇಲೆ ಕಾಲಿನ ಮಾತಿಗೆ ಬರುತ್ತಿದ್ದಳು. ತೋರಿಸಿದ ಕೂಡಲೇ ತಪ್ಪು ಎಂದರೆ ಆ ಮಗು ಮರುದಿನ ಬಳಪ ಮುಟ್ಟುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದಳು.

ಮನೆಯಲ್ಲಿ ಮಾತ್ರ ಅವಳಿಗೆ ಅಂಥ ಹೊಗಳಿಕೆಯ ಮಾತು ಸಿಕ್ಕಿರಲಿಲ್ಲ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಗಂಡ ಮೈಲಾರಪ್ಪ ಬೈಯುವವನಲ್ಲ. ರೊಟ್ಟಿಯ ಅಂಚು ಸೀದಿದ್ದರೆ ಸುಮ್ಮನೆ ಮುರಿದು ತಾಟಿನ ಬದಿಗಿಡುತ್ತಿದ್ದ. ಬದಿ ಖಾಲಿಯಿದ್ದ ದಿನ ಅದನ್ನೇ ಹೊಗಳಿಕೆ ಎಂದುಕೊಂಡು ಅವಳು ತಾಟು ತೊಳೆಯುತ್ತಿದ್ದಳು.

ಇಬ್ಬರೂ ನಿವೃತ್ತರಾದ ಮೇಲೆ ಬಚ್ಚಲಲ್ಲಿ ಜಾರಿ ಯಂಕವ್ವನ ಬಲಗೈ ಮುರಿಯಿತು. ಧಾರವಾಡದ ಕಾಲೇಜೊಂದರಲ್ಲಿ ಕಲಿಸುವ ಮಗಳು ಮಾಯಾ ದಿನಾ ಮುಂಜಾನೆ ತನ್ನ ಮನೆಯ ಅಡಿಗೆ ಮುಗಿಸಿ, ಬಸ್ಸು ಹಿಡಿದು ಬಂದು, ಇಲ್ಲಿ ರೊಟ್ಟಿ ಬಡಿದು, ಮತ್ತೆ ಕಾಲೇಜಿಗೆ ಓಡುತ್ತಿದ್ದಳು. ಪರೀಕ್ಷೆಯ ಪೇಪರು ತಿದ್ದುವ ಕೆಲಸ ಬೇರೆ. ಒಂದು ದಿನ ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿದ್ದನ್ನು ಕಂಡು, ಇನ್ನು ಅವಳು ಬರುವುದು ಬೇಡ, ನೀವೇ ಮಾಡ್ರಿ ಎಂದು ಯಂಕವ್ವ ಗಂಡನಿಗೆ ಹೇಳಿಬಿಟ್ಟಳು.

ಮೈಲಾರಪ್ಪ ಇಲ್ಲ ಎನ್ನಲಿಲ್ಲ. ಮರುದಿನ ಹೆಂಡತಿ ಕುರ್ಚಿ ಎಳೆದುಕೊಂಡು ಕೂಡುವುದರೊಳಗೆ ಜೋಳದ ಹಿಟ್ಟಿಗೆ ನಳದ ತಣ್ಣೀರು ಸುರಿದು ಕಲಸಿಯೂ ಬಿಟ್ಟಿದ್ದ. ಹುಟ್ಟಿದಾಗಿನಿಂದ ರೊಟ್ಟಿ ತಿಂದವನು, ಹಿಟ್ಟಿಗೆ ಕುದಿಯುವ ನೀರು ಬೀಳುವುದನ್ನು ಒಮ್ಮೆಯೂ ನೋಡಿರಲಿಲ್ಲ. ಜಿಗುಟಿಲ್ಲದ ರೊಟ್ಟಿ ಎತ್ತುವಾಗ ಮೂರು ತುಂಡಾಯಿತು. ತುಂಡುಗಳನ್ನೇ ಹಂಚಿನ ಮೇಲೆ ಜೋಡಿಸಿ ಬೇಯಿಸಿದ.

ಅಷ್ಟರಲ್ಲಿ ಅಮರಗೋಳದಿಂದ ಅವನ ತಂಗಿ ಲಕ್ಷ್ಮೀ ತನ್ನ ಅತ್ತಿಗೆಯನ್ನು ನೋಡಲು ಬಂದಳು.

"ಯಣ್ಣಾ, ಇದನ್ನ ಎತ್ತಿಗೆ ಹಾಕಿದ್ರ ಎತ್ತೂ ಮಾರಿ ತಿರವತೈತಿ. ವೈನಿ, ಗಂಡಸರ ಕೈಯಾಗ ಹಿಟ್ಟು ಕೊಟ್ಟು ನೀವು ರಾಣಿ ಹಂಗ ಕುಂತೀರಲ್ರಿ."

ಮೈಲಾರಪ್ಪ ಕೈ ಒರೆಸಿಕೊಂಡ. "ಮಾಯಾಗ ಫೋನ್ ಹಚ್ತೇನಿ."

ಯಂಕವ್ವನ ನಾಲಿಗೆಯ ತುದಿಗೆ ಬಹಳ ಮಾತು ಬಂದವು. ಇಷ್ಟು ವರ್ಷ ತನ್ನ ಕೈಗೆ ಯಾರು ಶಹಬ್ಬಾಸ್ ಹೇಳಿದ್ದರು? ಈಗ ಇವನಿಗೆ ಕಲಿಸುವುದೂ ತನ್ನದೇ, ಹುರುಪು ತುಂಬುವುದೂ ತನ್ನದೇ. ಅದೂ ಒಂದು ಚಾಕರಿಯೇ. ಆದರೆ ಈಗ ಇವನು ಕೈಬಿಟ್ಟರೆ ನಾಳೆ ಮಾಯಾ ಮತ್ತೆ ಬಸ್ಸು ಹತ್ತುತ್ತಾಳೆ.

ಎಡಗೈಯಿಂದ ಒಂದು ತುಂಡು ಎತ್ತಿ ಹೊರಳಿಸಿ ನೋಡಿದಳು. ಸುಳ್ಳು ಹೇಳಬೇಕಾಗಿ ಬರಲಿಲ್ಲ.

"ಬೆಂಕಿ ಹದಾ ಬರೋಬ್ಬರಿ ಹಿಡದೀರಿ. ಎಲ್ಲೂ ಸೀದಿಲ್ಲ, ಹಸೀನೂ ಇಲ್ಲ. ನನ್ನ ಮೊದಲನೇ ರೊಟ್ಟಿ ಹಿಂಗ ಬೆಂದಿರಲಿಲ್ರಿ. ಹಿಟ್ಟಿಗೆ ಕುದಿಯೂ ನೀರು ಬೇಕು, ಅಷ್ಟ. ಇನ್ನೊಂದು ಮಾಡ್ರಿ."

ಲಕ್ಷ್ಮಿಗೂ ಅವಳು ತಿರುಗಿ ಚುಚ್ಚಲಿಲ್ಲ. ಶೇಂಗಾ ಚಟ್ನಿ ಹಚ್ಚಿ ಒಂದು ತುಂಡು ಅವಳ ಕೈಗಿಟ್ಟಳು. ಲಕ್ಷ್ಮೀ ತಿನ್ನುತ್ತ ತಿನ್ನುತ್ತ ಮೆತ್ತಗಾದಳು. ತನ್ನ ಮನೆಯವರು ಈವರೆಗೆ ಹಾಲು ಕೂಡ ಕಾಸಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು.

ನೀರು ಕುದಿಯಿತು, ಹೊಸ ಹಿಟ್ಟು ಕಲಸಿದ್ದಾಯಿತು. ಎರಡನೆಯ ರೊಟ್ಟಿ ಒಂದೇ ಕಡೆ ಬಿರಿಯಿತು. ಅದನ್ನು ತಾಟಿಗೆ ಹಾಕಿ ಹೆಂಡತಿಯ ಮುಂದಿಟ್ಟು, ಮೈಲಾರಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ಹಾಗೆ ನಿಲ್ಲುವುದು ಎಂಥದೆಂದು ಯಂಕವ್ವನಿಗೆ ಗೊತ್ತಿತ್ತು. ತುಸು ಹೊತ್ತು ನಿಲ್ಲಲಿ ಎನಿಸಿತು. ನಿಧಾನ ಅಗಿದು ನುಂಗಿದಳು.

"ಛಲೋ ಆಗೇತ್ರಿ," ಎಂದಳು.

ಮಾಯಾಳ ಫೋನು ಬಂತು. ಹಿಟ್ಟಿನ ಕೈಯಲ್ಲೇ ಮೈಲಾರಪ್ಪ ಎತ್ತಿಕೊಂಡ. ಹಿಟ್ಟಿನ ಕೈಯಲ್ಲೇ ಮೈಲಾರಪ್ಪ ಎತ್ತಿಕೊಂಡ.

"ನೀ ಪೇಪರ್ ತಿದ್ದವಾ. ಇಲ್ಲೆ ನಾ ರೊಟ್ಟಿ ಮಾಡಾಕತ್ತೇನಿ."