ಗುರುವಾರ ಭಾರವಾಗುವ ಬುಟ್ಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲಾವಿ ಸರೋವರದ ದಡದಲ್ಲಿ ದೋಣಿಗಳು ಮರಳಿಗೆ ತಾಗುವ ಮೊದಲೇ ಎನಿಫಾ ಮ್ವಾಲೆ ಮೊಣಕಾಲುದ್ದ ನೀರಿಗಿಳಿದು ಬುಟ್ಟಿ ಚಾಚಿದ್ದಾರೆ. ಬೆರಳುದ್ದದ ಉಸಿಪಾ ಮೀನು ಬುಟ್ಟಿಗೆ ಬೀಳುತ್ತದೆ. ಒಂದು ಹಿಡಿ ಎತ್ತಿ ಮೂಸಿ, "ನಿನ್ನೆಯದನ್ನ ತಳಕ್ಕೆ ಸೇರಿಸಿ ನನಗೇ ಕೊಡ್ತೀಯಾ?" ಎಂದು ದೋಣಿಯವನನ್ನು ಗದರುತ್ತಾರೆ. ಅವನು ಹಲ್ಲು ಕಿರಿದು ಇನ್ನೊಂದು ಬೊಗಸೆ ಹಾಕುತ್ತಾನೆ. ಬಿಸಿಲೇರುವಷ್ಟರಲ್ಲಿ ಹಸಿ ಮೀನು ಜೊಂಡಿನ ತಟ್ಟಿಯ ಮೇಲೆ ಹರಡಿಕೊಂಡಿರುತ್ತದೆ, ಒಣಗಿದ್ದು ಎನಿಫಾರ ತಲೆಯೇರಿ ಸಂತೆಗೆ ಹೊರಟಿರುತ್ತದೆ.

ಐವತ್ತರ ಹತ್ತಿರದ ಈ ಹೆಂಗಸು ಮೀನು ಮಾರುವುದರಲ್ಲಿ ವಿಶೇಷವೇನೂ ಇಲ್ಲ, ಈ ದಡದಲ್ಲಿ ಅರ್ಧ ಊರೇ ಮೀನು ಮಾರುತ್ತದೆ. ವಿಶೇಷವೆಂದರೆ ಅವರು ಗಿರಾಕಿಗಳ ಮೂಗಿನ ಮೇಲೊಂದು ಕಣ್ಣಿಟ್ಟಿರುತ್ತಾರೆ. ಹೋದ ವಾರ ಬುಟ್ಟಿಗೆ ಬಗ್ಗಿ ಒಂದೊಂದೇ ಮೀನು ಆರಿಸಿದವಳು ಈ ವಾರ ಮಾರು ದೂರದಲ್ಲಿ ನಿಂತು, ಬಟ್ಟೆಯ ಚುಂಗು ಮೂಗಿಗೆ ಒತ್ತಿಕೊಂಡು, "ನೀನೇ ಆರಿಸಿ ಕೊಡಮ್ಮ" ಎಂದರೆ ಎನಿಫಾಗೆ ಅಷ್ಟು ಸಾಕು. ಗಂಡನಿಗೂ ಗೊತ್ತಿಲ್ಲದ ಸುದ್ದಿ ಒಣಮೀನಿಗೆ ಗೊತ್ತಾಗಿರುತ್ತದೆ.

ಆದರೆ ಅದನ್ನು ಬಾಯಿಬಿಟ್ಟು ಆಡುವಂತಿಲ್ಲ. ಹೊಟ್ಟೆ ತಾನಾಗಿ ಕಾಣುವವರೆಗೆ ಇಲ್ಲಿ ಬಸಿರಿನ ಮಾತೆತ್ತಿದರೆ ಕೆಟ್ಟ ಕಣ್ಣು ಬೀಳುತ್ತದೆ, ಮಾಟ ತಗಲುತ್ತದೆ. ಹಾಗಾಗಿ ಹೆಂಗಸರು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಆರು, ಏಳು ತಿಂಗಳಾದ ಮೇಲೆ. ಸೊಳ್ಳೆ ಅಲ್ಲಿಯವರೆಗೆ ಕಾಯುತ್ತದೆಯೇ? ಬಸಿರಿಗೆ ಮೂರು ತಿಂಗಳು ದಾಟಿದ ಮೇಲೆ ತಿಂಗಳಿಗೊಮ್ಮೆ ಮೂರು ಮಾತ್ರೆ ಕೊಡುತ್ತಾರೆ, ನರ್ಸ್ ಎದುರಿಗೇ ನುಂಗಬೇಕು. ಅದು ಮಲೇರಿಯಾ ಬಂದ ಮೇಲಿನ ಮದ್ದಲ್ಲ, ಬಾರದಿರಲಿ ಎಂದು ಕೊಡುವ ಮದ್ದು.

"ಮೈ ಸುಡೋದೇ ಇಲ್ಲ, ಆದ್ರೂ ಒಳಗಿರುತ್ತೆ," ಎನ್ನುತ್ತಾರೆ ಎನಿಫಾ. "ಮಗೂಗೆ ಊಟ ಹೋಗೋ ಮಾಸಿನಲ್ಲೇ ಕೂತ್ಕೊಂಡು ಕದ್ದು ತಿಂತಾ ಇರುತ್ತೆ."

ಅದಕ್ಕೇ ಅವರೊಂದು ಉಪಾಯ ಹೂಡಿದ್ದಾರೆ. ಆಸ್ಪತ್ರೆಯಲ್ಲಿ ಬಸಿರಿಯರನ್ನು ನೋಡುವ ದಿನ ಗುರುವಾರ. ಮೂಗು ಮುಚ್ಚಿಕೊಂಡವಳಿಗೆ ಮೀನು ಕಟ್ಟಿಕೊಡುತ್ತ, ಗುರುವಾರ ಆಸ್ಪತ್ರೆ ಬಾಗಿಲಲ್ಲಿ ವ್ಯಾಪಾರವಿದೆ, ಬುಟ್ಟಿ ಭಾರ, ಸ್ವಲ್ಪ ಹೊತ್ತುಕೊಂಡು ಬರುತ್ತೀಯಾ ಎಂದು ಕೇಳುತ್ತಾರೆ. ಮೀನಿನ ಬುಟ್ಟಿ ಹೊತ್ತು ಹೋಗುವವಳ ಮೇಲೆ ಯಾರಿಗೆ ಅನುಮಾನ? ದಾರಿಯಲ್ಲಿ ಸುಟ್ಟ ಮರಗೆಣಸು ತಿನ್ನಿಸುತ್ತಾರೆ, ಬರೀ ಹೊಟ್ಟೆಗೆ ಆ ಮಾತ್ರೆ ತೊಳಸುತ್ತದೆಂದು. ಮೂರು ತಿಂಗಳು ತುಂಬಿಲ್ಲ, ಮುಂದಿನ ತಿಂಗಳು ಬಾ ಎಂದು ನರ್ಸ್ ವಾಪಸು ಕಳಿಸಿದರೆ, ಮುಂದಿನ ತಿಂಗಳೂ ಬುಟ್ಟಿ ಭಾರವಾಗುತ್ತದೆ. ಮಾತ್ರೆ ನುಂಗಿದರೆ ಬಸಿರು ಇಳಿದುಹೋಗುತ್ತದಂತೆ ಎಂದು ಹೆದರುವವರಿಗೂ ಉತ್ತರ ಸಿದ್ಧವಿದೆ: "ನುಂಗಿದವರ ಮಕ್ಕಳು ನನ್ನ ತಟ್ಟಿಯಿಂದ ಮೀನು ಕದ್ದು ಓಡ್ತಾವೆ. ಹೋಗಿ ಹಿಡಿ ನೋಡೋಣ."

ನಗುನಗುತ್ತಲೇ ಹೇಳುತ್ತಾರೆ. ಆದರೆ ಈ ಉಪಾಯ ಹುಟ್ಟಿದ್ದು ನಗುವಿನಿಂದಲ್ಲ. ನಾಲ್ಕು ವರ್ಷದ ಹಿಂದೆ ಹೀಗೆ ಮೀನಿಗೆ ಮುಖ ತಿರುಗಿಸಿದವಳು ಅವರ ಮಗಳು ತಡಾಲಾ. ಎನಿಫಾ ನೋಡಿದರು, ಸುಮ್ಮನಾದರು. ಇಲ್ಲಿ ತಾಯಿಯಾದವಳು ಮಗಳ ಹತ್ತಿರ ಬಸಿರಿನ ಮಾತು ಆಡಕೂಡದು, ಅದನ್ನು ಆಡಲು ಬೇರೆ ಹಿರಿಯ ಹೆಂಗಸರಿದ್ದಾರೆ. ತಡಾಲಾ ಆಸ್ಪತ್ರೆಗೆ ಹೋದದ್ದು ಏಳನೇ ತಿಂಗಳಲ್ಲಿ. ಮಗು ಅವಸರದಲ್ಲಿ ಹುಟ್ಟಿತು, ಅಂಗೈಯಗಲ ಇತ್ತು, ವಾರ ಉಳಿಯಲಿಲ್ಲ. ಮಾಸಿನಲ್ಲಿ ಮಲೇರಿಯಾ ಸೇರಿತ್ತೆಂದು ನರ್ಸ್ ಹೇಳಿದರು. ಮರುವಾರದಿಂದಲೇ ಎನಿಫಾ ಊರ ಹೆಣ್ಣುಮಕ್ಕಳಿಗೆ ಬುಟ್ಟಿ ಹೊರಿಸತೊಡಗಿದರು.

ಈ ವರ್ಷ ಮಳೆ ನಿಂತ ಮೇಲೆ ತಡಾಲಾ ಮತ್ತೆ ಮೂಗು ಮುಚ್ಚಿಕೊಂಡಳು. ಊರಿಗೆಲ್ಲ ಹೇಳುವ ಮಾತು ಸ್ವಂತ ಮಗಳಿಗೆ ಹೇಳುವಂತಿಲ್ಲ, ಬುಟ್ಟಿಯ ಗುಟ್ಟೂ ಮಗಳಿಗೆ ಗೊತ್ತು. ತಾಯಿ "ಭಾರ" ಎಂದರೆ ಬಾಯಿಬಿಟ್ಟು ಹೇಳಿದ ಹಾಗೇ. ಬೇರೊಬ್ಬ ಹೆಂಗಸು ಕರೆಯಬೇಕು. ಗುರುವಾರ ಆಸ್ಪತ್ರೆಗೆ ಮೀನು ಒಯ್ಯುವವರು ಇನ್ನೊಬ್ಬರೇ, ಲೊನೆಸಿ. ಸಂತೆಯ ಮಾವಿನ ಮರದ ನೆರಳಿಗಾಗಿ ಎನಿಫಾ ಜೊತೆ ಜಗಳಾಡಿ, ಸೋತು, ಮಾತು ಬಿಟ್ಟವರು, ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಎನಿಫಾ ಎರಡು ದಿನ ಒದ್ದಾಡಿ, ಮೂರನೆಯ ದಿನ ಅವರ ಮುಂದೆ ಹೋಗಿ ನಿಂತರು. ಲೊನೆಸಿ ಬಿಡುವವರೇ?

"ಊರಿಗೆಲ್ಲ ಬುಟ್ಟಿ ಹೊರಿಸ್ದೆ. ನಿನ್ನ ಮಗಳಿಗೆ ಹೊರಿಸೋಕೆ ಈಗ ನಾನು ಬೇಕಾದ್ನಾ?"

"ಬೇಕು ಲೊನೆಸಿ," ಎಂದರು ಎನಿಫಾ.

ಹಾಗಾದರೆ ನೆರಳು ಬಿಟ್ಟುಕೊಡು ಎಂದರು ಲೊನೆಸಿ. ಎನಿಫಾ ಮರದ ಕೆಳಗಿನ ತಮ್ಮ ಚಾಪೆ ಸುತ್ತಿದರು.

ಅಂದಿನಿಂದ ಅವರ ವ್ಯಾಪಾರ ಬಿಸಿಲಿನಲ್ಲಿ. ತಡಾಲಾ ಎರಡು ಸಲ ಲೊನೆಸಿಯ ಬುಟ್ಟಿ ಹೊತ್ತು ಹೋಗಿ ಬಂದಿದ್ದಾಳೆ, ಎರಡು ಸಲವೂ ಮಾತ್ರೆ ನುಂಗಿದ್ದಾಳೆ. ಅದನ್ನು ಲೊನೆಸಿಯೇ ನೆರಳಿನಿಂದ ಸನ್ನೆಯಲ್ಲಿ, ಮೂರು ಬೆರಳು ಬಾಯಿಗೆ ತೋರಿಸಿ ತಿಳಿಸಿದ್ದಾರೆ. "ಬಿಸಿಲಿಗೆ ಮೀನು ಚೆನ್ನಾಗಿ ಒಣಗುತ್ತೆ ಬಿಡಿ," ಎಂದು ಎನಿಫಾ ಬೆವರು ಒರೆಸಿಕೊಳ್ಳುತ್ತಾರೆ. ಆಸೆ ಏನೆಂದು ಕೇಳಿದರೆ ಬುಟ್ಟಿಯ ಮೀನು ಮಗುಚತೊಡಗುತ್ತಾರೆ. ಆಡಬಾರದ ಮಾತು ಆ ಆಸೆಯೊಳಗಿದೆ.

ಈ ಮಂಗಳವಾರ ಸಂತೆ ಮುಗಿಯುವ ಹೊತ್ತಿಗೆ ತಡಾಲಾ ಬರುತ್ತಾಳೆ. ಮೂಗಿನ ಮೇಲೆ ಬಟ್ಟೆಯಿಲ್ಲ. ತಾಯಿಯ ಪಕ್ಕ ಕೂತು ಬುಟ್ಟಿಯಲ್ಲಿ ಉಳಿದ ನಾಲ್ಕು ಮೀನುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಸುಡುವ ಚಾಪೆಯನ್ನೂ ಮರದ ಕೆಳಗಿನ ನೆರಳನ್ನೂ ಒಮ್ಮೆ ನೋಡುತ್ತಾಳೆ.

"ಅಮ್ಮಾ, ಈ ಗುರುವಾರ ನಿನ್ನ ಬುಟ್ಟಿ ಭಾರ ಇದೆಯಾ?"

ಎನಿಫಾ ಬಹುತೇಕ ಖಾಲಿಯಾದ ಆ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿ ಮಡಿಲಿಗೆಳೆದುಕೊಳ್ಳುತ್ತಾರೆ.

"ತುಂಬಾ ಭಾರ ಇದೆ ಮಗಳೇ. ನನ್ನೊಬ್ಬಳ ಕೈಲಿ ಆಗಲ್ಲ."